ಬೇರೆಯವರ ಊರು

ಸಾಂತಾ ಇಫಿಜೇನಿಯಾ ಬೀದಿ, ಮೂರನೆಯ ಮಹಡಿ.
ಲಿಫ್ಟು ಕೆಟ್ಟು ಎರಡು ವರ್ಷ.
ಹತ್ತಿ ಬಂದವರ ಏದುಸಿರಿನಲ್ಲೇ ಗೊತ್ತಾಗುತ್ತದೆ ನನಗೆ
ಕೈಯಲ್ಲಿರುವುದು ಅವರಿಗೆಷ್ಟು ಬೇಕೆಂದು.
ಜೆನಿವಾಲ್ದೊ ಗೋಡೆ ಹಿಡಿದು ನಿಂತ.

ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ ತಂದಿದ್ದ:
ಎರಡಂಗೈ ಅಗಲದ ಆಟದ ಪೆಟ್ಟಿಗೆ.
ಬೆನ್ನಿಗೆ ಮೊಳೆಯಿಂದ ಗೀಚಿದ ಹೆಸರು,
ಬಲಗಡೆಯ ಗುಂಡಿ ಹೊಳೆಗಲ್ಲಿನಷ್ಟು ನುಣುಪು.
"ಕಾಫಿ ಚೆಲ್ಲಿತು, ದೋನಾ ಝುಲೈದೆ. ಬೆಳಗಿನ ಜಾವ ಮೂರು.
ಗೇಟು ತೆಗೆಯೋಕೆ ಎದ್ದೆ, ಮೊಣಕೈ ತಾಗ್ತು, ಅಷ್ಟೆ."

ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ರಾತ್ರಿ ಕಾವಲುಗಾರ.
ಅಷ್ಟೂ ಕಿಟಕಿ ಕತ್ತಲಾದ ಮೇಲೆ
ಅವನಿಗೆ ಇದರೊಳಗೊಂದು ಊರಿತ್ತು:
ತೊರೆ, ಹನ್ನೊಂದು ಮನೆ, ಕುಂಟುವ ಒಂದು ಬಾತುಕೋಳಿ.
ಒಂಬೈನೂರು ಗಂಟೆ ಕೂತು ಕಟ್ಟಿದ್ದು.

ಬಿಚ್ಚಿದೆ. ಮೂರು ರೆಕ್ಕೆಯ ತಿರುಪುಗಳು,
ಸಾಸಿವೆಗಿಂತ ಕೊಂಚ ದೊಡ್ಡವು,
ಮೊಟ್ಟೆ ತಟ್ಟೆಯ ಗುಳಿಗೊಂದರಂತೆ ಇಟ್ಟೆ.
ಮೊದಲು ಬ್ಯಾಟರಿ ಕಳಚಬೇಕು.
ಯಾವಾಗಲೂ, ಏನೇ ಆಗಲಿ, ಮೊದಲು ಬ್ಯಾಟರಿ.
(ಮರೆತ ಶಿಷ್ಯನೊಬ್ಬ ಈಗ ಕೆಳಗೆ
ಕಬ್ಬಿನ ಹಾಲು ಮಾರುತ್ತಾನೆ. ಚೆನ್ನಾಗಿಯೇ ಇದ್ದಾನೆ.)

ತಗಡಿನ ಮುಚ್ಚಳ ಎತ್ತಿದರೆ
ಹಲಗೆಯ ತುಂಬ ಕಿಲುಬು, ಅಂಟು.
"ಸಕ್ಕರೆ ಎಷ್ಟು ಹಾಕ್ಕೋತೀಯ?"
"ಮೂರು ಚಮಚ."
"ಹೂಂ."

ತಾಯಿಹಲಗೆ ಎನ್ನುತ್ತೇವೆ ಇದನ್ನು.
ಹೆತ್ತದ್ದೇನೂ ಇಲ್ಲ;
ಎಲ್ಲವನ್ನೂ ಹಿಡಿದುಕೊಂಡು ಕೂತಿರುತ್ತದೆ, ಅದಕ್ಕೇ ಇರಬೇಕು.
ಹೇಳಿದೆ: ಮೈ ಉಳಿಸಿಕೊಡುತ್ತೇನೆ.
ನಿನ್ನ ಗೀಚು, ನಿನ್ನ ಗುಂಡಿ, ಮೂಲೆಯ ಬಿರುಕು, ಎಲ್ಲ ನಿನ್ನದೇ.
ಊರು ಮಾತ್ರ ಈ ಹಲಗೆಯಲ್ಲಿತ್ತು.

ಅವನು ಕಿಟಕಿಯ ಕಡೆ ನೋಡಿದ.
ಕೆಳಗೆ ಯಾರೋ ಧ್ವನಿವರ್ಧಕಗಳ ಬೆಲೆ ಕೂಗುತ್ತಿದ್ದರು.
"ಬಾತುಕೋಳೀನೂನಾ?" ಅಂದ.

ಬಾಲ್ಕನಿಯಿಂದ ಬಿದ್ದು ಗಾಜು ಪುಡಿಯಾದ ಇನ್ನೊಂದಿತ್ತು ನನ್ನಲ್ಲಿ,
ತೂಕದ ಲೆಕ್ಕದಲ್ಲಿ ಕೊಂಡದ್ದು.
ಅದರ ಹಲಗೆ ತೆಗೆದು ಇದರೆದೆಗೆ ಕೂರಿಸಿದೆ.
ಈರುಳ್ಳಿ ಸಿಪ್ಪೆಯಂಥ ಪಟ್ಟಿತಂತಿಗಳು,
ಉಗುರಿನ ತುದಿಯಿಂದ ಎತ್ತಿ, ಜಾರಿಸಿ, ಒತ್ತಿ ಬೀಗ ಹಾಕುವಾಗ
ಐವತ್ಮೂರು ವರ್ಷದ ನನ್ನ ಕೈ ನಡುಗುವುದಿಲ್ಲ.
ಚಹಾ ಲೋಟ ಎತ್ತುವಾಗ ನಡುಗುತ್ತದೆ, ಅದು ಬೇರೆ ಮಾತು.
ಕಡಲೆಕಾಳಿನಷ್ಟು ಬೂದುಲೇಪ, ಮತ್ತೆ ತಗಡು, ಮತ್ತೆ ತಿರುಪು.
ಕೊನೆಗೊಂದು ತಿರುಪು ಮಿಕ್ಕಿತು.
ಮತ್ತೆ ಎಲ್ಲ ಬಿಚ್ಚಿದೆ.

ದೀಪ ಹತ್ತಿತು.
ಪರದೆಯ ಮೇಲೆ ಇನ್ಯಾರದೋ ಬೆಳಗು:
ಗೊಯಾಬೇರಾ ಅಂತ ಊರ ಹೆಸರು, ಮೈಯಾರಾ ಅಂತ ಒಡತಿ,
ಬಾಡುತ್ತಿರುವ ಹಳದಿ ಹೂಗಳ ಸಾಲು,
ತೊರೆಯ ಬಳಿ ಒಂದು ಫಲಕ:
ಸೇತುವೆಗೆ ಇನ್ನೂ ನಲವತ್ತು ಮರ ಬೇಕು. ಮರೀಬೇಡ ಮೈಯಾರಾ.

"ಅಳಿಸಿಬಿಡಲೇ?" ಎಂದೆ. ಬೆರಳು ಗುಂಡಿಯ ಮೇಲಿತ್ತು.
ಅವನು ನನ್ನ ಮಣಿಕಟ್ಟು ಹಿಡಿದ.
"ಬೇಡ. ಬೇರೆಯವರ ಮನೆ ನೋಡ್ಕೊಳ್ಳೋದೇ ತಾನೆ ನನ್ನ ಕೆಲಸ?"
ಇನ್ನೂರ ಎಂಬತ್ತು ರಿಯಾಲ್ ಎಂದೆ.
ಇಪ್ಪತ್ತು ಕಡಿಮೆ ಮಾಡಿ ಎಂದ.
ಹತ್ತು ಬಿಟ್ಟೆ.

ಮೊನ್ನೆ ಬೀದಿಯಲ್ಲಿ ಸಿಕ್ಕಿದ್ದ, ಕಬ್ಬಿನ ಗಾಡಿಯ ಹತ್ತಿರ.
ನಮಸ್ಕಾರವಿಲ್ಲ, ಕುಶಲವಿಲ್ಲ:
"ಮೂವತ್ತೊಂದಾಯ್ತು," ಅಂದು ನಡೆದೇಬಿಟ್ಟ.

ಅವನ ಹಳೆಯ ಹಲಗೆ ಇಲ್ಲೇ ಇದೆ, ಬಿಸ್ಕತ್ತಿನ ಡಬ್ಬಿಯಲ್ಲಿ,
ಬೇರೆ ಇಪ್ಪತ್ತು ಸತ್ತ ಹಲಗೆಗಳ ಜೊತೆ.
ಒಂದು ರಾತ್ರಿ, ಅಂಗಡಿ ಮುಚ್ಚಿದ ಮೇಲೆ,
ಸಾರಾಯಿಯಂತೆ ಘಾಟು ಹೊಡೆಯುವ ದ್ರವದಲ್ಲಿ ತೊಳೆದೆ,
ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ, ವಿದ್ಯುತ್ತು ಕೊಟ್ಟೆ.
ಮೂಲೆಯಲ್ಲೊಂದು ಕಿತ್ತಳೆ ಚುಕ್ಕಿ
ಮಿನುಗಿತೋ,
ನನ್ನ ಕಣ್ಣೇ ಮಿಟುಕಿತೋ.
ಅವನಿಗೆ ಹೇಳಿಲ್ಲ.